ಹವೆಗೆ ಲಗಾಮು ಹಾಕಿದ ವಿಲ್ಲಿಸ್ ಕ್ಯಾರಿಯರ್

ಜೀವನಚರಿತ್ರೆ ಎಂದೊಡನೆ ನಮ್ಮ ಮನಸ್ಸಿಗೆ ಬರುವವರು ರಾಜರು, ಕವಿಗಳು, ಸಂತರು, ದೇಶಭಕ್ತರು. ಯಂತ್ರಗಳನ್ನು ಕಟ್ಟಿದವರ ಬಾಳು ಅಷ್ಟು ಬೇಗ ನೆನಪಾಗುವುದಿಲ್ಲ. ದೀಪದ ಗುಂಡಿ ಒತ್ತುವಾಗ ಎಡಿಸನ್ನನನ್ನು ನೆನೆಯುವವರು ಕೆಲವರಾದರೂ ಇದ್ದಾರು. ಆದರೆ ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಬ್ಯಾಂಕಿನ ಬಾಗಿಲು ತೆರೆದೊಡನೆ ಮುಖಕ್ಕೆ ತಾಗುವ ತಂಪುಗಾಳಿಗೆ ಕಾರಣನಾದವನು ಯಾರೆಂದು ಕೇಳಿದರೆ ಬಹುಮಂದಿ ಸುಮ್ಮನಾಗುವರು. ಆತನ ಹೆಸರು ವಿಲ್ಲಿಸ್ ಹ್ಯಾವಿಲೆಂಡ್ ಕ್ಯಾರಿಯರ್. ಆ ಹೆಸರು ಇಂದಿಗೂ ಯಂತ್ರಗಳ ಮೇಲೆ ಅಚ್ಚಾಗಿ ಬರುತ್ತಿದೆ. ಅದರ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದು ಮಾತ್ರ ಮರೆತುಹೋಗಿದೆ.

ಕಲಾವಿಭಾಗದ ವಿದ್ಯಾರ್ಥಿಯಾದ ನನಗೆ ಈ ಯಂತ್ರಗಳ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ನಮ್ಮ ತಂದೆಯವರು ಮಾರುಕಟ್ಟೆಯ ಅಂಗಳದಲ್ಲಿ ತೊಗರಿ ಮೂಟೆ ಹೊರುವ ಹಮಾಲರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಫೀಜಿಗೂ ಪುಸ್ತಕಕ್ಕೂ ಆಗಲೆಂದು ರಜೆಯ ದಿನಗಳಲ್ಲಿ, ಎ.ಸಿ. ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ಎರಡು ವರ್ಷಗಳಿಂದ ಕೈಯಾಳಾಗಿ ದುಡಿಯುತ್ತಿದ್ದೇನೆ. ಕಲಬುರಗಿಯ ಬೇಸಿಗೆ ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾದುದಿಲ್ಲ. ಉಷ್ಣಮಾನ 40 ಡಿಗ್ರಿ ದಾಟಿದ ದಿನ, ಚಾಲೂ ಆಗದ ಯಂತ್ರದ ಮುಂದೆ ಕುಳಿತ ಮನೆಯವರ ಮುಖಗಳನ್ನು ನಾನು ನೋಡಿದ್ದೇನೆ. ಆ ಮುಖಗಳೇ ನನ್ನನ್ನು ಕ್ಯಾರಿಯರನ ಚರಿತ್ರೆಯ ಕಡೆಗೆ ಎಳೆದುವು.

ಕ್ಯಾರಿಯರ್ ಹುಟ್ಟಿದುದು 1876ನೆಯ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ, ಈರೀ ಸರೋವರದ ದಡಕ್ಕೆ ಹತ್ತಿರವಾದ ಆಂಗೋಲ ಎಂಬ ಊರಿನ ಬಳಿಯ ಒಂದು ಹೊಲಮನೆಯಲ್ಲಿ. ತಂದೆತಾಯಿಗಳಿಗೆ ಅವನೊಬ್ಬನೇ ಮಗನು. ತಾಯಿ ಎಲಿಜಬೆತ್ ಗಡಿಯಾರವನ್ನೂ ಹೊಲಿಗೆಯಂತ್ರವನ್ನೂ ತಾನೇ ಬಿಚ್ಚಿ ಸರಿಪಡಿಸುವ ಕೈಚಳಕವುಳ್ಳವಳು. ಬಾಲಕನಿಗೆ ಭಿನ್ನರಾಶಿ ತಲೆಗೆ ಹತ್ತಲಿಲ್ಲ. ತಾಯಿ ನೆಲಮಾಳಿಗೆಯಿಂದ ಸೇಬುಹಣ್ಣುಗಳನ್ನು ತರಿಸಿ, ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸಿ, ಅವುಗಳನ್ನೇ ಕೂಡಿಸಿ ಕಳೆಯಲು ಹೇಳಿದಳು. ಕಠಿಣವಾದ ವಿಷಯವನ್ನು ಕಣ್ಣಿಗೆ ಕಾಣುವ ತುಂಡುಗಳನ್ನಾಗಿ ಒಡೆದುಕೊಳ್ಳಬೇಕೆಂಬ ಪಾಠ ಅಂದು ಅವನಿಗೆ ದೊರೆಯಿತು. ಅವನಿಗೆ ಹನ್ನೊಂದು ವರ್ಷವಾದಾಗ ತಾಯಿ ತೀರಿಕೊಂಡಳು, ಪಾಠವು ಉಳಿಯಿತು.

ಮನೆಯಲ್ಲಿ ಹಣವಿರಲಿಲ್ಲ. ಹುಡುಗನು ಬೆಳಗ್ಗೆ ಹಸುಗಳ ಹಾಲು ಕರೆದು ಶಾಲೆಗೆ ಹೋಗುತ್ತಿದ್ದನು. 1893ರಲ್ಲಿ ಅಮೆರಿಕದ ಹಣದ ಪೇಟೆ ಕುಸಿದಾಗ ರೈತರ ಸ್ಥಿತಿ ಇನ್ನೂ ಕೆಟ್ಟಿತು. ಕಾಲೇಜಿನ ಆಸೆಯನ್ನು ಅವನು ಮುಂದಕ್ಕೆ ಹಾಕಬೇಕಾಯಿತು. ಕೆಲವು ಕಾಲ ಶಾಲಾಮಾಸ್ತರನಾಗಿ ದುಡಿದನು. 1897ರಲ್ಲಿ ಸರಕಾರದ ವಿದ್ಯಾರ್ಥಿವೇತನ ದೊರೆತು ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಸೇರಿದನು. ವೇತನವು ಬೋಧನೆಯ ಶುಲ್ಕಕ್ಕೆ ಆಯಿತು, ಹೊಟ್ಟೆಗೆ? ಪರರ ಅಂಗಳದ ಹುಲ್ಲು ಕತ್ತರಿಸಿದನು, ಒಲೆಗಳಿಗೆ ಕಲ್ಲಿದ್ದಲು ಹಾಕಿದನು, ಊಟದ ಮನೆಯಲ್ಲಿ ಬಡಿಸಿದನು, ವಿದ್ಯಾರ್ಥಿಗಳ ಬಟ್ಟೆ ಒಗೆಸಿಕೊಡುವ ವ್ಯವಹಾರವನ್ನೂ ನಡೆಸಿದನು. ದುಡಿದು ಓದುವ ಸ್ಥಿತಿ ನಮ್ಮ ಕಾಲೇಜಿಗೂ ನಮ್ಮ ದೇಶಕ್ಕೂ ಮಾತ್ರ ಮೀಸಲಾದುದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

1901ರಲ್ಲಿ ಪದವಿ ಪಡೆದು, ಬಫಲೋ ಫೋರ್ಜ್ ಎಂಬ ಕಂಪನಿಯಲ್ಲಿ ವಾರಕ್ಕೆ 10 ಡಾಲರ್ ಸಂಬಳದ ಮೇಲೆ ಕೆಲಸಕ್ಕೆ ಸೇರಿದನು. ಆ ಕಂಪನಿ ಊದುಯಂತ್ರಗಳನ್ನೂ, ಬಿಸಿಗಾಳಿಯ ಕೊಳವೆಗಳನ್ನೂ ಮಾಡುತ್ತಿತ್ತು. ಒಂದು ಕೊಳವೆಸುರುಳಿ ಎಷ್ಟು ಗಾಳಿಯನ್ನು ಎಷ್ಟು ಬಿಸಿ ಮಾಡುವುದೆಂಬ ಖಚಿತವಾದ ಲೆಕ್ಕ ಆಗ ಯಾರಲ್ಲಿಯೂ ಇರಲಿಲ್ಲ. ಅಂದಾಜಿನಿಂದ ಕಟ್ಟುವುದು, ತಪ್ಪಿದರೆ ಇರಲಿ ಎಂದು ಇನ್ನಷ್ಟು ಕಬ್ಬಿಣ ಸೇರಿಸುವುದು, ಇದೇ ಪದ್ಧತಿ. ಕ್ಯಾರಿಯರ್ ಹಾಗೆ ಮಾಡಲೊಲ್ಲದೆ ಸುರುಳಿಗಳನ್ನು ಅಳೆದು, ಪರೀಕ್ಷಿಸಿ, ಕೋಷ್ಟಕಗಳನ್ನು ಸಿದ್ಧಪಡಿಸಿದನು. ಅದರಿಂದ ಕಂಪನಿಗೆ ಒಂದೇ ಚಳಿಗಾಲದಲ್ಲಿ 40,000 ಡಾಲರ್ ಉಳಿತಾಯವಾಯಿತು. ಊಹಿಸುವ ಮೊದಲು ಅಳೆಯಬೇಕು ಎಂಬುದು ಅವನ ಬಾಳಿನ ಎರಡನೆಯ ಪಾಠ.

1902ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ ವಿಚಿತ್ರವಾದ ತೊಂದರೆ ಬಂದಿತು. ಬಣ್ಣದ ಚಿತ್ರವನ್ನು ಮುದ್ರಿಸುವಾಗ ಒಂದೇ ಕಾಗದವನ್ನು ಒಂದಾದ ಮೇಲೊಂದು ಬಣ್ಣಕ್ಕೆ ಹಲವು ಸಲ ಯಂತ್ರಕ್ಕೆ ಕೊಡಬೇಕು. ಬೇಸಿಗೆಯ ತೇವಗಾಳಿಗೆ ಕಾಗದ ಹಿಗ್ಗುವುದು, ಒಣಹವೆಗೆ ಕುಗ್ಗುವುದು. ಹೀಗಾಗಿ ಕೆಂಪು ಬಿದ್ದಲ್ಲಿ ಹಳದಿ ಬೀಳದೆ ಚಿತ್ರಗಳು ಕೆಡುತ್ತಿದ್ದುವು. ಈ ಸಮಸ್ಯೆ ಕ್ಯಾರಿಯರನ ಮೇಜಿಗೆ ಬಂದಿತು. ಕೊಳವೆಸುರುಳಿಯಲ್ಲಿ ಬಿಸಿ ಹಬೆಗೆ ಬದಲಾಗಿ ತಣ್ಣೀರನ್ನು ಹರಿಸಿ, ಅದರ ಮೇಲೆ ಗಾಳಿಯನ್ನು ಹಾಯಿಸಿದರೆ, ಗಾಳಿಯಲ್ಲಿನ ತೇವ ಕೊಳವೆಯ ಮೇಲೆ ಹನಿಗಟ್ಟಿ ಇಳಿದುಹೋಗುವುದು. ತಣ್ಣನೆಯ ಚೆಂಬಿನ ಹೊರಮೈ ಬೆವರುವುದನ್ನು ನಾವೆಲ್ಲರೂ ಕಂಡಿದ್ದೇವೆ, ತತ್ತ್ವ ಅದೇ. ಇಪ್ಪತ್ತೈದು ವರ್ಷದ ಆ ಯುವಕನು ತಯಾರಿಸಿದ ನಕ್ಷೆಗಳ ಮೇಲಿರುವ ದಿನಾಂಕ 1902ನೆಯ ಜುಲೈ 17. ಕೋಣೆಯ ತೇವಾಂಶವನ್ನು ನೂರಕ್ಕೆ 55ರಲ್ಲಿ ನಿಲ್ಲಿಸುವುದು ಗುರಿಯಾಗಿತ್ತು. ಆ ವ್ಯವಸ್ಥೆಯ ತಂಪು ದಿನಕ್ಕೆ 1,08,000 ಪೌಂಡು ಮಂಜುಗಡ್ಡೆ ಕರಗಿಸಿದ್ದಕ್ಕೆ ಸಮವಾಗಿತ್ತು. ವಾಚಕರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹವಾನಿಯಂತ್ರಣ ಹುಟ್ಟಿದುದು ಬೆವರುವ ಕೂಲಿಯವನಿಗಾಗಿ ಅಲ್ಲ, ಹಿಗ್ಗುವ ಕಾಗದಕ್ಕಾಗಿ.

ಅದೇ ವರ್ಷದ ಕೊನೆಯಲ್ಲಿ ಪಿಟ್ಸ್‌ಬರ್ಗ್ ರೈಲುನಿಲ್ದಾಣದಲ್ಲಿ, ದಟ್ಟವಾದ ಮಂಜಿನ ನಡುವೆ ಗಾಡಿಗಾಗಿ ಕಾಯುತ್ತಿದ್ದಾಗ ಕ್ಯಾರಿಯರನಿಗೆ ಒಂದು ವಿಚಾರ ಹೊಳೆಯಿತು. ಮಂಜು ಎಂದರೆ ತೇವದಿಂದ ತುಂಬಿದ ಗಾಳಿ. ಆದರೆ ಗಾಳಿ ತಣ್ಣಗಿರುವುದರಿಂದ ಅದು ಹಿಡಿದಿಟ್ಟಿರುವ ನೀರು ಸ್ವಲ್ಪವೇ. ಹಾಗಾದರೆ ಬೇಕಾದ ಉಷ್ಣಮಾನದ ನೀರನ್ನು ತುಂತುರಾಗಿ ಚಿಮ್ಮಿಸಿ ಅದರ ಮೂಲಕ ಗಾಳಿಯನ್ನು ಹಾಯಿಸಿದರೆ, ಗಾಳಿಯಲ್ಲಿ ಎಷ್ಟು ತೇವವಿರಬೇಕೆಂಬುದನ್ನು ನಾವೇ ನಿರ್ಧರಿಸಬಹುದು! ನೀರು ಸಿಂಪಡಿಸಿ ಗಾಳಿಯನ್ನು ಒಣಗಿಸುವುದೆಂದರೆ ಯಾರಾದರೂ ನಕ್ಕಾರು. ನಮ್ಮ ಊರಿನ ಮನೆಗಳ ಕೂಲರುಗಳು ನೀರಿನಿಂದ ಗಾಳಿಗೆ ತೇವ ಸೇರಿಸುವುದನ್ನೇ ನಾವು ಕಂಡವರು. ಆದರೆ ಇಬ್ಬನಿ ಕಟ್ಟುವ ಉಷ್ಣಮಾನಕ್ಕಿಂತ ನೀರು ತಣ್ಣಗಿದ್ದರೆ, ಅದೇ ನೀರು ಗಾಳಿಯಿಂದ ತೇವವನ್ನು ಕಸಿದುಕೊಳ್ಳುತ್ತದೆ. ಈ ಯಂತ್ರಕ್ಕೆ 1906ನೆಯ ಜನವರಿ 2ರಂದು ಪೇಟೆಂಟು ದೊರೆಯಿತು. ಹವೆಗೂ ತೇವಕ್ಕೂ ಇರುವ ಸಂಬಂಧದ ಸೂತ್ರಗಳನ್ನು 1911ರಲ್ಲಿ ಅವನು ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಮುಂದೆ ಮಂಡಿಸಿದನು; ಈ ಶಾಸ್ತ್ರಕ್ಕೆ ಅದೇ ತಳಹದಿ. ಹವಾನಿಯಂತ್ರಣವೆಂಬ ಅರ್ಥದ ಇಂಗ್ಲಿಷ್ ಹೆಸರನ್ನು 1906ರಲ್ಲಿ ಕೊಟ್ಟವನು ಮಾತ್ರ ಬೇರೊಬ್ಬ, ಬಟ್ಟೆ ಗಿರಣಿಗಳ ಎಂಜಿನಿಯರನಾದ ಸ್ಟುವರ್ಟ್ ಕ್ರೇಮರ್.

ಬಫಲೋ ಕಂಪನಿಯಲ್ಲಿದ್ದಾಗಲೇ ಅವನಿಗೆ ಒಂದು ದೊಡ್ಡ ಸೋಲು ಎದುರಾಯಿತು. ಮಿಸ್ಸೂರಿ ಸಂಸ್ಥಾನದ ಕ್ರಿಸ್ಟಲ್ ಸಿಟಿಯಲ್ಲಿ ಒಂದು ಗಾಜಿನ ಕಾರಖಾನೆಗೆ ಅನಿಲವನ್ನು ಶುದ್ಧಿಮಾಡುವ ಸಲಕರಣೆಯನ್ನು ಜೋಡಿಸಿದ್ದನು. ಅದು ನಡೆಯಿತು, ಆದರೆ ಕೊಟ್ಟ ಭರವಸೆಗೆ ತಕ್ಕಂತೆ ನಡೆಯಲಿಲ್ಲ. ಹೊಟ್ಟೆಯೊಳಗೆ ಸಂಕಟ, ರಾತ್ರಿ ನಿದ್ರೆಯಿಲ್ಲ. ಕೊನೆಗೆ ಚಿಂತೆಯಿಂದ ಏನೂ ಆಗದೆಂದು ತಿಳಿದು ಮೂರು ಹೆಜ್ಜೆಗಳನ್ನು ಇಟ್ಟನು. ಮೊದಲು, ಆಗಬಹುದಾದ ಅತ್ಯಂತ ಕೆಟ್ಟದ್ದು ಏನು ಎಂದು ಕೇಳಿಕೊಂಡನು: ಯಂತ್ರವನ್ನು ಕಿತ್ತುಹಾಕಬೇಕಾದೀತು, ಕಂಪನಿಗೆ 20,000 ಡಾಲರ್ ನಷ್ಟವಾದೀತು, ತನ್ನ ಕೆಲಸ ಹೋದೀತು. ಎರಡನೆಯದಾಗಿ, ಅದು ಬಂದರೆ ಬರಲಿ ಎಂದು ಮನಸ್ಸನ್ನು ಅಣಿಗೊಳಿಸಿದನು. ಕೂಡಲೇ ತಲೆ ತಿಳಿಯಾಯಿತು. ಮೂರನೆಯದಾಗಿ, ಆ ನಷ್ಟವನ್ನು ಎಷ್ಟು ಕಡಿಮೆ ಮಾಡಬಹುದೆಂದು ಶಾಂತನಾಗಿ ಪರೀಕ್ಷೆಗಳನ್ನು ನಡೆಸಿದನು. ಇನ್ನೂ 5,000 ಡಾಲರಿನ ಸಲಕರಣೆ ಸೇರಿಸಿದರೆ ಸಾಕೆಂದು ಕಂಡುಬಂದಿತು. ಕಂಪನಿಗೆ 20,000 ಡಾಲರ್ ಹೋಗುವುದಕ್ಕೆ ಬದಲಾಗಿ 15,000 ಡಾಲರ್ ಬಂದಿತು. ಚಿಂತೆಯನ್ನು ಗೆಲ್ಲುವ ವಿಷಯವಾಗಿ 1948ರಲ್ಲಿ ಪುಸ್ತಕ ಬರೆದ ಡೇಲ್ ಕಾರ್ನೆಗಿ ಈ ಕಥೆಯನ್ನು ಕ್ಯಾರಿಯರನ ಬಾಯಿಂದಲೇ ಕೇಳಿ ಅದರಲ್ಲಿ ಸೇರಿಸಿದನು.

ಈ ಮೂರು ಹೆಜ್ಜೆಗಳು ದೊಡ್ಡ ಕಾರಖಾನೆಗೆ ಮಾತ್ರವಲ್ಲ, ಮನೆಯ ಎ.ಸಿ.ಗೂ ಸಲ್ಲುತ್ತವೆ. ಯಂತ್ರ ಚಾಲೂ ಆಗದಿದ್ದಾಗ ಮನೆಯವರು ಮೊದಲು ಅತ್ಯಂತ ಕೆಟ್ಟದ್ದನ್ನೇ ನಂಬುತ್ತಾರೆ: ಕಂಪ್ರೆಸರ್ ಸುಟ್ಟಿತು, ಸಾವಿರಾರು ರೂಪಾಯಿ ಹೋಯಿತು ಎಂದು. ಆದರೆ ಅಲ್ಲಿಗೇ ನಿಲ್ಲುತ್ತಾರೆ. ಮೂರನೆಯ ಹೆಜ್ಜೆ ಇಡುವುದಿಲ್ಲ. ನಮ್ಮ ಅಂಗಡಿಯ ಉಸ್ತಾದರು ಶಾಲೆಗೆ ಹೆಚ್ಚು ಹೋದವರಲ್ಲ. ಕ್ಯಾರಿಯರನ ಹೆಸರನ್ನು ಯಂತ್ರದ ಮೇಲೆ ಓದಿದ್ದಷ್ಟೇ ಬಲ್ಲರು. ಆದರೂ ಅವರು ನಡೆಯುವ ದಾರಿ ಅದೇ. ಕರೆಂಟು ಬರುವ ದಾರಿಯನ್ನು ಹಿಡಿದು, ಸುಲಭವಾದುದರಿಂದ ಕಠಿಣವಾದುದಕ್ಕೆ, ತುಂಡುತುಂಡಾಗಿ ನೋಡುತ್ತ ಹೋಗುವರು.

ಮೊದಲು ಎ.ಸಿ.ಗೆ ಕರೆಂಟು ಬರುತ್ತಿದೆಯೇ ನೋಡಬೇಕು. ಅದರ ಎಂ.ಸಿ.ಬಿ. ಕೆಳಗೆ ಬಿದ್ದಿದ್ದರೆ ಒಂದು ಸಲ ಮೇಲೆತ್ತಬಹುದು; ಮತ್ತೆ ಬಿದ್ದರೆ ಒಳಗೆಲ್ಲೋ ಶಾರ್ಟ್ ಆಗಿದೆಯೆಂದೋ ಮೋಟರು ಅತಿಯಾಗಿ ಕರೆಂಟು ಎಳೆಯುತ್ತಿದೆಯೆಂದೋ ತಿಳಿದು ಕೈಬಿಡಬೇಕು. ಪದೇ ಪದೇ ಎತ್ತುವುದು ಬೆಂಕಿಗೆ ಆಹ್ವಾನ. ಮುಂದೆ ಸ್ಟೆಬಿಲೈಸರ್. ಬೇಸಿಗೆಯ ಸಂಜೆ ಎಲ್ಲರ ಮನೆಯ ಯಂತ್ರಗಳೂ ಒಮ್ಮೆಗೇ ಓಡಿದಾಗ ವೋಲ್ಟೇಜು ಕುಸಿಯುತ್ತದೆ. ಮಿತಿ ಮೀರಿ ಕುಸಿದರೆ ಯಂತ್ರವನ್ನು ಕಾಯಲೆಂದೇ ಸ್ಟೆಬಿಲೈಸರ್ ಕರೆಂಟನ್ನು ತಡೆಯುತ್ತದೆ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ.

ಆಮೇಲೆ ರಿಮೋಟು. ಸೆಲ್ಲು ಸತ್ತಿರಬಹುದು, ಟೈಮರ್ ಯಾರಿಂದಲೋ ಒತ್ತಿಹೋಗಿರಬಹುದು, ಬರಿಯ ಫ್ಯಾನಿನ ಗುರುತಿಗೆ ತಿರುಗಿರಬಹುದು, ಕೋಣೆಯ ಉಷ್ಣಮಾನಕ್ಕಿಂತ ಹೆಚ್ಚಿನ ಅಂಕಿ ಇಟ್ಟಿದ್ದರೆ ಕಂಪ್ರೆಸರ್ ಓಡುವುದೇ ಇಲ್ಲ. ಒಳಗಿನ ಯಂತ್ರದ ಮುಚ್ಚಳದ ಕೆಳಗೆ ಸಾಮಾನ್ಯವಾಗಿ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ಯಂತ್ರ ಓಡಿದರೆ ದೋಷ ರಿಮೋಟಿನದೆಂದು ತೀರ್ಮಾನಿಸಬಹುದು.

ಮೂರನೆಯದು ತಾಳ್ಮೆ. ಯಂತ್ರ ನಿಂತ ಕೂಡಲೇ ಕೊಳವೆಯೊಳಗಿನ ಅನಿಲ ಒಂದು ಕಡೆ ಹೆಚ್ಚಿನ ಒತ್ತಡದಲ್ಲಿಯೂ ಇನ್ನೊಂದು ಕಡೆ ಕಡಿಮೆ ಒತ್ತಡದಲ್ಲಿಯೂ ಇರುತ್ತದೆ. ಎರಡೂ ಸಮವಾಗುವ ಮುನ್ನ ಮೋಟರನ್ನು ಎಬ್ಬಿಸಿದರೆ, ಏರಿನಲ್ಲಿ ತುಂಬಿದ ಬಂಡಿಯನ್ನು ನಿಂತಲ್ಲಿಂದ ಎಳೆಸಿದಂತೆ ಅದು ತಿರುಗಲಾರದೆ ಕಾಯುತ್ತದೆ. ಆದುದರಿಂದಲೇ ಸುಮಾರು ಮೂರು ನಿಮಿಷ ಸುಮ್ಮನಿರುವಂತೆ ಯಂತ್ರವನ್ನು ಮಾಡಿರುತ್ತಾರೆ. ಈ ಮೂರು ನಿಮಿಷ ಕಾಯಲಾರದೆ ಗುಂಡಿಗಳನ್ನೆಲ್ಲ ಒತ್ತುವವರೇ ಹೆಚ್ಚು.

ಒಳಗಿನ ಫ್ಯಾನು ತಿರುಗಿ, ಹೊರಗಿನ ಯಂತ್ರ ಬರಿದೇ ಗುಂಯ್ಗುಟ್ಟಿ ನಿಂತರೆ ಕೆಪಾಸಿಟರಿನ ಮೇಲೆ ಸಂಶಯಪಡಬೇಕು. ಮೋಟರಿಗೆ ಮೊದಲ ತಳ್ಳು ಕೊಡುವ ಡಬ್ಬಿ ಅದು. ಕೆಟ್ಟಾಗ ಅನೇಕ ವೇಳೆ ಅದರ ತಲೆ ಉಬ್ಬಿರುತ್ತದೆ. ಕಂಪ್ರೆಸರಿಗೆ ಹೋಲಿಸಿದರೆ ಅದರ ಬೆಲೆ ಬಹು ಕಡಿಮೆ. ಆದರೆ ಕರೆಂಟು ತೆಗೆದ ಮೇಲೂ ಅದು ಪೆಟ್ಟು ಕೊಡಬಲ್ಲದು. ಆದುದರಿಂದ ಅದನ್ನು ಬಲ್ಲವರೇ ಮುಟ್ಟಬೇಕು. ಹೊರಗಿನ ಪೆಟ್ಟಿಗೆಯೊಳಗೆ ಇರುವೆ, ಹಲ್ಲಿಗಳು ಹೊಕ್ಕು ಸತ್ತು ಕರೆಂಟಿನ ದಾರಿ ಕೆಡಿಸುವುದೂ ಉಂಟು. ಇನ್ನು ಗ್ಯಾಸಿನ ವಿಷಯ. ಇದು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಸೋರಿದರೆ ಮಾತ್ರ ಕಡಿಮೆಯಾದೀತು. ಸೋರಿದ ಜಾಗವನ್ನು ಹುಡುಕದೆ ವರ್ಷವರ್ಷವೂ ಗ್ಯಾಸು ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ಕಳೆದ ಬೇಸಿಗೆಯಲ್ಲಿ ಒಬ್ಬ ನಿವೃತ್ತ ಶಾಲಾಮಾಸ್ತರರ ಮನೆಗೆ ಉಸ್ತಾದರೊಡನೆ ಹೋಗಿದ್ದೆ. ಮಾಸ್ತರರ ಪತ್ನಿಗೆ ಹೃದಯದ ಕಾಯಿಲೆ. ಸೆಕೆ ತಡೆಯಲಾರರೆಂದು ಮಗನು ಸಾಲ ಮಾಡಿ ಯಂತ್ರ ಹಾಕಿಸಿದ್ದನು. ಅದು ಎರಡು ದಿನಗಳಿಂದ ಚಾಲೂ ಆಗಿರಲಿಲ್ಲ. ಮೊದಲು ಬಂದು ನೋಡಿದವನೊಬ್ಬನು ಪೆಟ್ಟಿಗೆಯನ್ನೂ ಬಿಚ್ಚದೆ ಕಂಪ್ರೆಸರ್ ಹೋಗಿದೆಯೆಂದು ಹೇಳಿ ದೊಡ್ಡ ಮೊತ್ತ ಕೇಳಿಹೋಗಿದ್ದನು. ಮಾಸ್ತರರು ಪಿಂಚಣಿಯ ಪಾಸ್‌ಪುಸ್ತಕವನ್ನು ಕೈಯಲ್ಲಿ ಹಿಡಿದೇ ಕುಳಿತಿದ್ದರು. ಉಸ್ತಾದರು ಎಂ.ಸಿ.ಬಿ.ಯಿಂದ ಹಿಡಿದು ಒಂದೊಂದಾಗಿ ನೋಡುತ್ತ ಬಂದು, ಉಬ್ಬಿದ ಕೆಪಾಸಿಟರನ್ನು ತೆಗೆದು ಹೊಸದನ್ನು ಹಾಕಿದರು. ಮೂರು ನಿಮಿಷ ಕಾದೆವು. ಹೊರಗಿನ ಫ್ಯಾನು ತಿರುಗಿತು, ಕಂಪ್ರೆಸರ್ ಎದ್ದಿತು. ಆ ತಾಯಿ ಮಂಚದಿಂದಲೇ ನಮಗೆ ಮಜ್ಜಿಗೆ ಕೊಡುವಂತೆ ಹೇಳಿದರು. ತಿಳಿವಳಿಕೆ ಇಲ್ಲದೆ ಬೇರೆಯವರ ಭಯದ ಮೇಲೆ ಬೆಲೆ ಕಟ್ಟುವವನಿಗೂ, ಅಳೆದು ನೋಡಿ ಮಾತನಾಡುವವನಿಗೂ ಇರುವ ಅಂತರ ಅಂದು ನನಗೆ ಸ್ಪಷ್ಟವಾಯಿತು.

ಮತ್ತೆ ಚರಿತ್ರೆಗೆ ಬರೋಣ. 1914ರಲ್ಲಿ ಬಫಲೋ ಕಂಪನಿ ಯಂತ್ರ ತಯಾರಿಕೆಯೊಂದೇ ಸಾಕೆಂದು ತೀರ್ಮಾನಿಸಿದಾಗ ಕ್ಯಾರಿಯರನ ಕನಸಿಗೆ ಅಲ್ಲಿ ಜಾಗವಿಲ್ಲದಾಯಿತು. 1915ರಲ್ಲಿ ಅವನೂ ಆರು ಮಂದಿ ಮಿತ್ರ ಎಂಜಿನಿಯರುಗಳೂ ಇದ್ದಬದ್ದ 32,600 ಡಾಲರುಗಳನ್ನು ಕೂಡಿಸಿ ಸ್ವಂತ ಕಂಪನಿಯನ್ನು ಆರಂಭಿಸಿದರು. 1922ರಲ್ಲಿ ಅವನು ತಿರುಗುವ ಚಕ್ರದಿಂದ ಅನಿಲವನ್ನು ಒತ್ತುವ ಹೊಸ ಬಗೆಯ ಶೀತಲಯಂತ್ರವನ್ನು ಜನರ ಮುಂದಿಟ್ಟನು. ಹಳೆಯ ಯಂತ್ರಗಳು ವಿಷಕರವಾದ ಅಮೋನಿಯವನ್ನು ಬಳಸುತ್ತಿದ್ದುದರಿಂದ ಜನ ಸೇರುವ ಕಟ್ಟಡಗಳಲ್ಲಿ ಇಡಲು ಅಂಜಿಕೆಯಿತ್ತು. ಹೊಸ ಯಂತ್ರ ಆ ಅಂಜಿಕೆಯನ್ನು ಕಡಿಮೆಮಾಡಿತು. ಕಾಗದಕ್ಕೂ ನೂಲಿಗೂ ದೊರೆತ ತಂಪು ಮನುಷ್ಯನಿಗೂ ದೊರೆಯಲು ದಾರಿಯಾಯಿತು.

1925ರ ಮೇ ತಿಂಗಳ ಕೊನೆಯಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರದಲ್ಲಿ ಈ ಯಂತ್ರದ ಪರೀಕ್ಷೆ ನಡೆಯಿತು. ಚಿತ್ರರಂಗದ ಧನಿಕನಾದ ಅಡಾಲ್ಫ್ ಜ್ಯೂಕರ್ ಸ್ವತಃ ನೋಡಲು ಬಂದು ಬಾಲ್ಕನಿಯಲ್ಲಿ ಕುಳಿತಿದ್ದನು. ಅಂದೇ ಯಂತ್ರ ಸಕಾಲಕ್ಕೆ ಚಾಲೂ ಆಗಲಿಲ್ಲ! ಕೊನೆಯ ಹೊಂದಾಣಿಕೆಗಳು ತಡವಾಗಿ, ಬಾಗಿಲು ತೆರೆದು ಜನ ತುಂಬಿದ ಮೇಲೆ ಅದು ಶುರುವಾಯಿತು. ಸಾವಿರಾರು ಕೈಗಳು ಬೀಸಣಿಗೆ ಆಡಿಸುತ್ತಿದ್ದುವು. ಕ್ಯಾರಿಯರನೂ ಅವನ ಸಂಗಡಿಗರೂ ಎದೆ ಹಿಡಿದುಕೊಂಡು ನಿಂತರು. ತುಂಬಿದ ಸಭಾಂಗಣವು ತಂಪಾಗುವುದು ನಿಧಾನ. ಮೆಲ್ಲಮೆಲ್ಲನೆ ಒಂದೊಂದೇ ಬೀಸಣಿಗೆ ಮಡಿಲಿಗೆ ಇಳಿಯಿತು. ಬೀಸುತ್ತ ಉಳಿದವರು ಅಭ್ಯಾಸಬಲದವರು ಮಾತ್ರ, ಕಡೆಗೆ ಅವರೂ ನಿಲ್ಲಿಸಿದರು. ಜ್ಯೂಕರ್ ಕೆಳಗಿಳಿದು ಬಂದು, ಜನರಿಗೆ ಇದು ಹಿಡಿಸುವುದೆಂದು ಒಪ್ಪಿಕೊಂಡನು. ಬೇಸಿಗೆಯಲ್ಲಿ ಖಾಲಿಯಾಗುತ್ತಿದ್ದ ಚಿತ್ರಮಂದಿರಗಳು ತಂಪಿಗಾಗಿಯೇ ಜನರನ್ನು ಸೆಳೆಯತೊಡಗಿದುವು. 1928ರಲ್ಲಿ ಅಮೆರಿಕದ ಪ್ರತಿನಿಧಿಸಭೆಗೂ, 1929ರಲ್ಲಿ ಸೆನೆಟ್ಟಿಗೂ ಅವನ ಕಂಪನಿಯ ಯಂತ್ರಗಳು ಬಂದುವು.

ಆದರೆ ಮನೆಗಳ ಬಾಗಿಲು ಅಷ್ಟು ಬೇಗ ತೆರೆಯಲಿಲ್ಲ. 1914ರಲ್ಲಿ ಮಿನ್ನಿಯಾಪೊಲಿಸ್ಸಿನ ಒಂದು ಸಿರಿವಂತರ ಮನೆಗೆ ಹಾಕಿದ ಯಂತ್ರ ಸುಮಾರು 7 ಅಡಿ ಎತ್ತರ, 20 ಅಡಿ ಉದ್ದವಿತ್ತು. 1928ರಲ್ಲಿ ಮನೆಗೆಂದೇ ಚಿಕ್ಕ ಯಂತ್ರವನ್ನು ಕಂಪನಿ ಹೊರತಂದಿತು. ಮರುವರ್ಷವೇ ಆರ್ಥಿಕ ಕುಸಿತ ಬಂದು ಕೊಳ್ಳುವವರಿಲ್ಲದಾದರು. ಕಂಪನಿ ಬೇರೆ ಸಂಸ್ಥೆಗಳೊಡನೆ ಕೂಡಿ, ಹೇಗೋ ಉಸಿರು ಹಿಡಿದು, 1937ರಲ್ಲಿ ಸಿರಕ್ಯೂಸ್ ನಗರದಲ್ಲಿ ನೆಲೆಗೊಂಡಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆಯೇ ಮನೆಯ ಎ.ಸಿ. ಸಾಮಾನ್ಯರ ಕಡೆಗೆ ಹೆಜ್ಜೆಯಿಟ್ಟಿತು. ಕ್ಯಾರಿಯರ್ ಅದರ ಆರಂಭವನ್ನಷ್ಟೇ ಕಂಡು, 1950ನೆಯ ಅಕ್ಟೋಬರ್ 7ರಂದು ತೀರಿಕೊಂಡನು.

ಅವನ ಬಾಳನ್ನು ಹೊಗಳಿ ಮುಗಿಸಿದರೆ ಅರ್ಧ ಸತ್ಯವನ್ನೇ ಹೇಳಿದಂತಾದೀತು. ಎ.ಸಿ. ಶಾಖವನ್ನು ಕೊಲ್ಲುವುದಿಲ್ಲ, ಕೋಣೆಯ ಶಾಖವನ್ನು ಬೀದಿಗೆ ಹೊತ್ತುಹಾಕುತ್ತದೆ. ಆ ಬೀದಿಯಲ್ಲಿ ತಳ್ಳುಗಾಡಿಯವನಿದ್ದಾನೆ, ಹಮಾಲನಿದ್ದಾನೆ. 1930ರ ದಶಕದಿಂದ ಬಳಕೆಗೆ ಬಂದ, ಅಪಾಯವಿಲ್ಲವೆಂದು ನಂಬಿದ್ದ ಅನಿಲಗಳು ಭೂಮಿಯ ಮೇಲಣ ಓಝೋನ್ ಪದರವನ್ನು ಸವೆಸುತ್ತವೆಂದು 1974ರಲ್ಲಿ ವಿಜ್ಞಾನಿಗಳು ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಅವುಗಳನ್ನು ಕೈಬಿಡಲು ಲೋಕ ಒಪ್ಪಿತು. ಅವುಗಳಿಗೆ ಬದಲಾಗಿ ಬಂದ ಅನಿಲಗಳು ಭೂಮಿಯನ್ನು ಬಿಸಿಮಾಡುತ್ತವೆಂದು ತಿಳಿದು, 2016ರಲ್ಲಿ ಕಿಗಾಲಿಯಲ್ಲಿ ಇನ್ನೊಂದು ತಿದ್ದುಪಡಿ ಮಾಡಬೇಕಾಯಿತು. ಒಂದು ಕೋಣೆಯ ತೊಂದರೆಯನ್ನು ಬಿಡಿಸಿದ ವಿದ್ಯೆ ಇಡೀ ಜಗತ್ತಿಗೆ ತೊಂದರೆಯನ್ನು ಗಂಟುಹಾಕಿತು. ಇದನ್ನು ಬಿಡಿಸುವುದು ಎಂಜಿನಿಯರುಗಳ ಕೆಲಸ ಮಾತ್ರವಲ್ಲ. ತಂಪು ಯಾರಿಗೆ, ಬಿಸಿ ಯಾರಿಗೆ ಎಂದು ಕೇಳುವುದು ಅರ್ಥಶಾಸ್ತ್ರವನ್ನೂ ಚರಿತ್ರೆಯನ್ನೂ ಓದುವ ನಮ್ಮ ಕೆಲಸವೂ ಹೌದು.

ಕ್ಯಾರಿಯರ್ ನಮಗೆ ಬಿಟ್ಟುಹೋದುದು ಯಂತ್ರವನ್ನು ಮಾತ್ರವಲ್ಲ, ಒಂದು ನಡತೆಯನ್ನು ಸಹ. ಕೆಟ್ಟದ್ದನ್ನು ಕಣ್ಣಿಟ್ಟು ನೋಡುವುದು, ಅದಕ್ಕೆ ಅಂಜದಿರುವುದು, ಆಮೇಲೆ ಗಂಟನ್ನು ಒಂದೊಂದೇ ಎಳೆಯಾಗಿ ಬಿಡಿಸುವುದು. ಇದು ಯಂತ್ರಕ್ಕೆ ಹೇಗೋ ಸಂಸಾರಕ್ಕೂ, ಸಮಾಜಕ್ಕೂ ಹಾಗೆಯೇ. ಈ ವರ್ಷ ಪದವಿ ಪಡೆದು ಹೊರಡುವ ನಮ್ಮೆದುರು, ಗುಂಡಿ ಒತ್ತಿದೊಡನೆ ಓಡದಿರುವ ಎಷ್ಟೋ ಸಂಗತಿಗಳು ಕಾದಿವೆ. ಆಗ ಕಂಪ್ರೆಸರ್ ಸುಟ್ಟಿತೆಂದು ತಲೆಯ ಮೇಲೆ ಕೈಹೊತ್ತು ಕೂರದೆ, ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ಮೊದಲು ನೋಡೋಣ.